ಸಾವಂತ್ರಿಯ ತವರಿನ ಬಾವಿ

ಸೂಜಿಯ ತುದಿಗೆ ಒಂದೇ ಹನಿ ದ್ರಾವಕ ಕಟ್ಟಿ, ನೀರಿನೊಳಗೆ ಇಳಿಬಿಟ್ಟು, ನೀರಲ್ಲಿ ಕರಗಿದ ವಿಷವನ್ನು ಆ ಹನಿಗೆ ಎಳೆದುಕೊಳ್ಳುವ ವಿದ್ಯೆಗೆ ಒಂದು ದೊಡ್ಡ ಹೆಸರಿದೆ. ಸೂಕ್ಷ್ಮ... ಸೂಕ್ಷ್ಮ ಏನೋ. ನಾಲಿಗೆಯವರೆಗೆ ಬಂದು ಹೋಗುತ್ತದೆ. ಹೊಳೆದಂಡೆಯ ಆಶ್ರಮದಲ್ಲಿ ಅದನ್ನು ಹನಿ ಕಟ್ಟುವುದು ಎನ್ನುತ್ತಿದ್ದರು, ಅಷ್ಟೇ.

ಸುತ್ತಲಿನ ಊರುಗಳ ಬಾವಿನೀರು ಅಲ್ಲಿಗೆ ಪರೀಕ್ಷೆಗೆ ಬರುತ್ತಿತ್ತು. ಕಲಿಸುವವರು ಮುದುಕಿ ಪಾರ್ವತವ್ವ. ಕಲಿಯುವವಳು ಸಾವಂತ್ರಿ.

ಅಂದು ಸಾವಂತ್ರಿ ಒಂದೇ ಬಾವಿಯ ನೀರನ್ನು ಮೂರು ಸಲ ನೋಡಿದ್ದಳು. ಬೆನ್ನು ಸೋತಿತ್ತು. ವಿಷವಿದ್ದರೆ ಪರೀಕ್ಷೆಯ ಯಂತ್ರದ ಕಾಗದದ ಮೇಲೆ ಗೆರೆ ಏಳಬೇಕು; ಏಳಲೇ ಇಲ್ಲ.

"ಏನೂ ಇಲ್ರಿ, ಅವ್ವಾರ. ಕುಡಿಯಾಕ ಅಡ್ಡಿ ಇಲ್ಲ ಅಂತ ಬರೀಲೇನ್ರಿ?"

"ದ್ರಾವಕ ಎಷ್ಟು ಹಾಕಿದಿ?"

"ಒಂದು ಬಟ್ಟಲು. ಬಲೆ ದೊಡ್ಡದಾದ್ರ ಮೀನು ಹೆಚ್ಚು ಅಂತ."

ಪಾರ್ವತವ್ವ ಗೋಡೆ ಹಿಡಿದು ಮೆಲ್ಲಗೆ ಕುಳಿತರು.

"ಒಗ್ಗರಣಿಗೆ ಒಂದು ಚಿಟಿಕಿ ಇಂಗು ಹಾಕ್ತಿ. ಅದನ್ನ ಕೊಪ್ಪರಿಗಿ ತುಂಬ ಎಣ್ಣಿಗೆ ಹಾಕಿದ್ರ?"

"ಹಾಕಿದ್ದೂ ಗೊತ್ತಾಗಂಗಿಲ್ರಿ."

"ಇಷ್ಟು ವರ್ಷ ಅಡಗಿ ಮಾಡಿದಾಕಿ. ಇದು ಈಗ ಹೊಳೀತೇನು?"

ಸಾವಂತ್ರಿ ತಲೆ ತಗ್ಗಿಸಿದಳು.

"ಮೊದಲೇ ಗೊತ್ತಿತ್ರಿ. ಬೇಕಂತ ಹೆಚ್ಚು ಹಾಕಿದೆ. ಇದು ನನ್ನ ತವರಿನ ಬಾವಿ. ಕೆಟ್ಟದ ಅಂದ್ರ ಮುಚ್ಚಸ್ತಾರ. ಇನ್ನೊಂದು ಬಾವಿ ಮೈಲು ದೂರ, ಅದೂ ಏರು. ನಮ್ಮವ್ವನ ಮೊಣಕಾಲು ನೀವು ನೋಡಿಲ್ಲ."

ಪಾರ್ವತವ್ವ ಸೂಜಿಯನ್ನು ಅವಳ ಕೈಗೆ ಕೊಟ್ಟರು.

ಸಾವಂತ್ರಿ ಹನಿ ಕಟ್ಟಿದಳು. ಅದು ಕಳಚಿ ಹೋಯಿತು. ಮತ್ತೊಂದು ಕಟ್ಟಿದಳು. ಅದು ನಿಂತಿತು. ಅರ್ಧ ಗಂಟೆ ಹನಿ ನೀರಿನೊಳಗೇ ಇತ್ತು. ನೀರು ನಿಧಾನ ತಿರುಗುತ್ತಿತ್ತು.

ಹನಿಯನ್ನು ಯಂತ್ರಕ್ಕೆ ಕೊಟ್ಟಾಗ ಗೆರೆ ಎದ್ದಿತು. ಬದನೆ ಹೊಲಕ್ಕೆ ಹೊಡೆಯುವ ಔಷಧಿಯ ಗೆರೆ.

ಸಾವಂತ್ರಿ ಬಹಳ ಹೊತ್ತು ಕಾಗದ ನೋಡಿದಳು. ಆಮೇಲೆ ತಾನೇ ಬರೆದಳು: ಕುಡಿಯಲು ಯೋಗ್ಯವಲ್ಲ. ಅಕ್ಷರ ಓರೆಯಾಯಿತು.

"ನಮ್ಮವ್ವನ ಮುಂದ ಇದನ್ನ ಹ್ಯಾಂಗ ಹೇಳಲ್ರಿ?"

ಪಾರ್ವತವ್ವ ಎದ್ದರು. ಏಳಲು ಎರಡು ಸಲ ಪ್ರಯತ್ನ ಬೇಕಾಯಿತು. ಅಡುಗೆಮನೆಯಿಂದ ಎರಡು ಕೊಡ ತಂದು, ಒಂದನ್ನು ತಮ್ಮ ಸೊಂಟಕ್ಕೆ ಇಟ್ಟುಕೊಂಡರು.

"ಹೇಳೂದು ಒಂದ ಸಲ, ಸಾವಂತ್ರಿ. ಹೊರೂದು ದಿನಾ. ನಡಿ, ಆ ಏರಿನ ಬಾವಿ ದಾರಿ ತೋರ್ಸು."