ಗೊರಕೆ ಹೊಡೆಯುವ ಹುಲ್ಲು

ಮೊಟ್ಟೆಯಿಡುವ ಹೊತ್ತು ಹತ್ತಿರವಾಗಿದ್ದ ಮೊಮ್ಮಗಳನ್ನು ಕರೆದುಕೊಂಡು ಅಜ್ಜಿ ಸೊಳ್ಳೆ ರಕ್ತ ಹುಡುಕುತ್ತ ಹೊರಟಳು. ಜಗಲಿಯ ಮೇಲೆ ಸಂಕಯ್ಯ ಮೇಷ್ಟ್ರು ಕೊಬ್ಬರಿ ಎಣ್ಣೆಗೆ ಸೊಳ್ಳೆ ಓಡಿಸುವ ಸಿಟ್ರೊನೆಲ್ಲಾ ಹುಲ್ಲಿನ ತೈಲ ನಾಲ್ಕು ಹನಿ ಬೆರೆಸಿ, ಮೈಗೆಲ್ಲ ಹಚ್ಚಿಕೊಂಡು, ಮಧ್ಯಾಹ್ನದ ನಿದ್ದೆಯಲ್ಲಿದ್ದರು.

“ಅಜ್ಜೀ, ಮನುಷ್ಯ!” ಎಂದಳು ಮೊಮ್ಮಗಳು.

ಅಜ್ಜಿ ದೂರದಿಂದಲೇ ಮೂಸಿದಳು. “ಅಲ್ಲವೇ ಪೆದ್ದಿ, ಅದು ಹುಲ್ಲು. ನಿಂಬೆಹಣ್ಣಿನ ವಾಸನೆಯ ಹುಲ್ಲು.”

“ಹುಲ್ಲಿಗೆ ಅಷ್ಟು ದೊಡ್ಡ ಹೊಟ್ಟೆ ಇರುತ್ತದೆಯೇ?”

“ಬೆಳೆ ಚೆನ್ನಾಗಿ ಬಂದಿದೆ.”

“ಗೊರಕೆ ಹೊಡೆಯುತ್ತಿದೆಯಲ್ಲ!”

“ಗಾಳಿಗೆ ಹುಲ್ಲು ಸದ್ದು ಮಾಡುತ್ತದೆ. ನಮ್ಮ ಮನೆತನದಲ್ಲಿ ಯಾರೂ ಮೂಗಿಗೆ ಎದುರಾಡಿದವರಲ್ಲ. ನಡೆ, ಕೊಟ್ಟಿಗೆಗೆ ಹೋಗೋಣ.”

ಕೊಟ್ಟಿಗೆಯಲ್ಲಿ ಎಮ್ಮೆ ಬಾಲ ಬೀಸಿದ ರಭಸಕ್ಕೆ ಅಜ್ಜಿ ಹೋಗಿ ಗೋಡೆಗೆ ಬಡಿದಳು. ಮೊಮ್ಮಗಳು ಹೆದರಿ ಜಗಲಿಗೆ ಮರಳಿ, ಕಿಟಕಿಯ ಮೇಲೆ ಕಾದು ಕುಳಿತಳು. ಸೆಖೆಗೆ ಮೇಷ್ಟ್ರ ಮೈ ಬೆವರಿತು, ತೈಲದ ವಾಸನೆ ಆರುತ್ತ ಹೋಯಿತು. ಮೇಷ್ಟ್ರು ಮಾತ್ರ ಏಳಲಿಲ್ಲ.

ಸಂಜೆ ಕುಂಟುತ್ತ ಬಂದ ಅಜ್ಜಿ, ಮೊಮ್ಮಗಳ ಉಬ್ಬಿದ ಹೊಟ್ಟೆ ಕಂಡು ಬೆರಗಾದಳು. “ಏನೇ ಕುಡಿದೆ?”

“ಹುಲ್ಲಿನ ರಸ, ಅಜ್ಜಿ,” ಎಂದಳು ಮೊಮ್ಮಗಳು ವಿನಯದಿಂದ. “ನೀನು ಹೇಳಿದ್ದೇ ನಿಜ. ಬೆಳೆ ತುಂಬಾ ಚೆನ್ನಾಗಿ ಬಂದಿದೆ.”