ವೀಳ್ಯ ಕೊಟ್ಟರೂ ಹೋಗದ್ದು

ಯಾವ ಆಜ್ಞೆಗೆ ಮುದ್ರೆ ಒತ್ತಿದರೂ ಚಂಡರಾಯ ದೊರೆ ಹೆಬ್ಬೆರಳನ್ನು ಶಲ್ಯದ ಅಂಚಿಗೆ ಒರೆಸಿಕೊಳ್ಳುತ್ತಿದ್ದ, ಮಸಿ ಹತ್ತಿರಲಿ ಬಿಡಲಿ. ಮಗಳು ನೀಲಾಂಬೆ ಇದನ್ನು ಚಿಕ್ಕಂದಿನಿಂದ ನೋಡಿದ್ದಳು. ಈ ಸಲದ ಡಂಗುರದ ಆಜ್ಞೆಗೂ ಹಾಗೇ ಒರೆಸಿಕೊಂಡ: ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಕೊಡುವುದು, ಇಲ್ಲವೇ ಅವನು ಬೇಡಿದ್ದು; ತಪ್ಪಿದವನಿಗೆ ಶೂಲ. ಒಗಟು ಮಗಳದು, ಶೂಲ ಅಪ್ಪನದು. ಶೂಲ ಬೇಡವೆಂದು ಅವಳು ಕಾಲು ಹಿಡಿದರೂ ದೊರೆ ಜಗ್ಗಲಿಲ್ಲ.

ಆ ರಾಜ್ಯದಲ್ಲಿ ಅರಮನೆಯ ಹಳೇ ಕಾರುಗಳನ್ನು ದೊರೆಯೇ ಮಾರಿಸುತ್ತಿದ್ದ. ಚಕ್ರದಡಿ ನಿಂಬೆಹಣ್ಣು ಇಟ್ಟು, ಕೊಂಡವನ ಕೈಗೆ ವೀಳ್ಯ ಕೊಟ್ಟು "ಇನ್ನು ನಿಮ್ಮದು" ಎಂದರೆ ಮುಗಿಯಿತು, ಮತ್ತೆ ಬಂದು ಕೇಳುವಂತಿಲ್ಲ. ದೊರೆಯ ಕಾರಿನ ಬಾನೆಟ್ ಎತ್ತಿ ನೋಡಿದರೆ ದೊರೆಗೇ ಅವಮಾನವೆಂದು ಜನ ನೋಡದೆಯೇ ಕೊಂಡುಕೊಳ್ಳುತ್ತಿದ್ದರು.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ನೀಲಾಂಬೆ ಕೇಳಿದಳು:

"ಹೊಟ್ಟೆಯೊಳಗೆ ಸುತ್ತಿಕೊಂಡು ಮಲಗಿರುತ್ತದೆ. ಮೈಮೇಲೆ ಬಟ್ಟೆ ಇರುವತನಕ ಊಳಿಗ ಮಾಡುತ್ತದೆ, ಹರಿದರೆ ಇದ್ದ ಮನೆಯನ್ನೇ ಸುಡುತ್ತದೆ. ಏನದು?"

ಹಸಿವು ಎಂದ ಅವನು. ಶೂಲಕ್ಕೆ ಹೋದ.

ಸರದಿಯಲ್ಲಿ ಮುಂದಿದ್ದ ಮಂತ್ರಿಯ ಮಗ ಹಿಂದೆ ತಿರುಗಿ ನೋಡಿದ. ಬಾಡಿಗೆ ಕಾರು ಓಡಿಸುತ್ತಿದ್ದ ಜಟ್ಟಪ್ಪ ನಿಂತಿದ್ದ, ಎರಡೂ ಅಂಗೈ ಬೆಂದಿದ್ದವು. "ಕೈ ಸುಟ್ಟುಕೊಂಡದ್ದು ಸಾಲದೇನೋ, ತಲೆಯನ್ನೂ ತಂದೆಯಾ?" ಎಂದು ನಕ್ಕ. ಆಮೇಲೆ ಅದೇ ಒಗಟಿಗೆ ಕರೆಂಟಿನ ತಂತಿ ಎಂದು ಮೊದಲನೆಯದನ್ನು ಗೆದ್ದ.

"ಬೆಂಕಿ ಬೀಳುವ ಮೊದಲೇ ಕೆಂಪು ಕಣ್ಣು ತೆರೆದು ಎಚ್ಚರಿಸುವ ಕಾವಲುಗಾರ. ಅವನ ಕಣ್ಣು ಕಿತ್ತ ಮೇಲೆಯೇ ಮನೆಗೆ ಬೆಲೆ ಬಂತು. ಯಾರವನು?"

ನಾಯಿ ಎಂದ. ನೀಲಾಂಬೆ ಮುಖ ಮುಚ್ಚಿಕೊಂಡಳು. ಅವನ ನಗೆಯೂ ಶೂಲಕ್ಕೆ ಹೋಯಿತು.

ಜಟ್ಟಪ್ಪ ಮುಂದೆ ಬಂದ. ಮೊದಲನೆಯದು ಸಿಪ್ಪೆ ಹೋದ ತಂತಿ ಎಂದ. ಎರಡನೆಯದಕ್ಕೆ ದನಿ ಇಳಿಯಿತು. "ಕಾರಿನ ಎಚ್ಚರಿಕೆಯ ಕೆಂಪು ದೀಪ, ತಾಯಿ. ಅರಮನೆಯಿಂದ ಕೊಂಡ ನನ್ನ ಕಾರಿನಲ್ಲಿ ಅದು ಉರಿಯಲೇ ಇಲ್ಲ. ಉರಿಯದ್ದಕ್ಕೇ ಎಲ್ಲ ಸರಿಯಿದೆ ಅಂದುಕೊಂಡೆ. ಹೊಗೆ ಬಂದಾಗಲೂ ಉರಿಯಲಿಲ್ಲ. ಬಲ್ಬು ಕಿತ್ತಿದ್ದರು."

ಕಿತ್ತದ್ದನ್ನು ನೀಲಾಂಬೆ ಮೇಲಿನ ಕಿಟಕಿಯಿಂದ ನೋಡಿದ್ದಳು, ಕೀಳಿಸಿದ ಅಪ್ಪನನ್ನೂ. ಎದುರು ನಿಂತು ಹೇಳುವ ಧೈರ್ಯವಿಲ್ಲದೆ ಅದನ್ನು ಒಗಟು ಮಾಡಿದ್ದಳು. ಆ ಅಂಜಿಕೆಗೆ ಆಗಲೇ ಎರಡು ಹೆಣ ಬಿದ್ದಿದ್ದವು.

"ಕಾರು ಮಾರಿದರೆ ಕಾರು ಹೋಗುತ್ತದೆ, ಬೀಗದ ಕೈ ಹೋಗುತ್ತದೆ. ವೀಳ್ಯ ಕೊಟ್ಟರೂ ಮಾರಿದವನ ಮನೆ ಬಿಟ್ಟು ಹೋಗದ್ದು ಯಾವುದು?"

ಜಟ್ಟಪ್ಪ ಸಿಂಹಾಸನದ ಕಡೆ ನೋಡಿದ.

"ಬಚ್ಚಿಟ್ಟ ದೋಷದ ಹೊಣೆ. ಗೊತ್ತಿದ್ದೂ ಹೇಳದೆ ಮಾರಿದರೆ ಅದು ಕೊಂಡವನದಾಗುವುದಿಲ್ಲ. ಕಾರಿಗೆ ಬೆಂಕಿ ಬಿದ್ದಾಗ ನನ್ನ ತಂಗಿ ಸಾತವ್ವ ಹಿಂದಿನ ಸೀಟಿನಲ್ಲಿದ್ದಳು. ಬಾಗಿಲ ಬೀಗವೂ ಕರೆಂಟಿನದೇ. ಬಿಚ್ಚಲಿಲ್ಲ."

"ಮೂರೂ ಸರಿ" ಎಂದಳು ನೀಲಾಂಬೆ. ಮೊದಲ ಸಲ ಅಪ್ಪನ ಮುಖ ನೋಡಿಯೇ ಹೇಳಿದಳು.

ಡಂಗುರ ಸಾರಿ ಕೊಟ್ಟ ಮಾತು, ತಪ್ಪುವಂತಿರಲಿಲ್ಲ. ಮಗಳು, ಹೊನ್ನು, ಹೊಸ ಕಾರು, ಬೇಕಾದ್ದು ಕೇಳು ಎಂದ ದೊರೆ.

"ಅವು ಯಾವುವೂ ಬೇಡ ಬುದ್ಧಿ. ಗುಡ್ಡದ ಮೇಲೆ ನನ್ನ ತಂಗಿಯನ್ನು ಮಣ್ಣು ಮಾಡಿದ್ದೇನೆ. ತಾವೊಂದು ಸಲ ಅಲ್ಲಿಗೆ ಬಂದು, ಆ ಹೊಣೆ ನನ್ನದು ಅಂತ ಅವಳಿಗೆ ಹೇಳಿ."

ದೊರೆ ಯಾವ ಮುದ್ರೆಯನ್ನೂ ಒತ್ತಿರಲಿಲ್ಲ. ಆದರೂ ಹೆಬ್ಬೆರಳು ಶಲ್ಯದ ಅಂಚನ್ನು ಹುಡುಕುತ್ತಿತ್ತು.