ಖಾಲಿ ಪೀಠ

ಕೃಷ್ಣೆಯ ದಂಡೆಯಲ್ಲಿ ಶಿಲ್ಪಿ ಕಾಳಪ್ಪ ಗುರುಗಳ ಆಶ್ರಮ. ಒಂದು ಕಾಲಕ್ಕೆ ಅಲ್ಲಿ ಹತ್ತು ಉಳಿಗಳ ಸದ್ದಿರುತ್ತಿತ್ತು. ಈಗ ಗುರುಗಳೊಬ್ಬರೇ.

ಶಿಷ್ಯ ಮೌನೇಶ ಪಟ್ಟಣ ಸೇರಿ ಹೆಸರು ಮಾಡಿದ್ದ. ಉಳಿ ಮುಟ್ಟಿ ಆರು ವರ್ಷವಾಗಿತ್ತು. "ಕಲೆ ಇರುವುದು ಯೋಚನೆಯಲ್ಲಿ, ಕೈಯಲ್ಲಲ್ಲ" ಎಂದು ಅವನು ಭಾಷಣ ಬಿಗಿದರೆ ಜನ ತಲೆದೂಗುತ್ತಿದ್ದರು.

ಒಂದು ಮಧ್ಯಾಹ್ನ ಅವನು ಆಶ್ರಮಕ್ಕೆ ಬಂದ. ಚಪ್ಪರದಡಿ ಒಂದು ಕಲ್ಲಿನ ಪೀಠವಿತ್ತು, ಮೇಲೆ ಮೂರ್ತಿಯಿಲ್ಲ. ಅದರ ಮೇಲೆ ಚೀಲ ಇಟ್ಟು ನಮಸ್ಕರಿಸಿದ.

ಗುರುಗಳು ಚೀಲ ಎತ್ತಿ ನೆಲಕ್ಕಿಟ್ಟರು. ಒದ್ದೆ ಬಟ್ಟೆಯಿಂದ ಪೀಠ ಒರೆಸಿದರು.

"ಖಾಲಿ ಇತ್ತಲ್ಲರೀ, ಅದಕ್ಕ ಇಟ್ಟೆ."

"ಉಂಡೀಯೇನು?" ಎಂದಷ್ಟೇ ಕೇಳಿದರು.

ರೊಟ್ಟಿ ಒಂದು ಬದಿ ಸೀದಿತ್ತು. ಗುರುಪತ್ನಿ ನೀಲಮ್ಮ ತೀರಿಕೊಂಡು ನಾಲ್ಕು ವರ್ಷ. ಆಗ ಮೌನೇಶನಿಗೆ ಬರಲಾಗಿರಲಿಲ್ಲ. ನಿಜ ಹೇಳಬೇಕೆಂದರೆ, ಅವನು ಬರಲಿಲ್ಲ. ಪ್ರದರ್ಶನವಿತ್ತು.

ಊಟ ಮುಗಿದ ಮೇಲೆ ಬಾಯಿಬಿಟ್ಟ.

"ಗುರುಗಳ, ಒಂದು ತಪ್ಪು ಮಾಡೀನಿ. ಹೋದ ವರ್ಷ ಬಂದಾಗ ಈ ಪೀಠ ನೋಡಿದ್ದೆ. ಇಂಥಾದ್ದ ಒಂದು ಖಾಲಿ ಪೀಠ ಪ್ರದರ್ಶನದಾಗ ಇಟ್ಟೆ. ಮಂದಿ ಭಾಳ ಹೊಗಳಿದ್ರು. ಮುಂದಿನ ತಿಂಗಳು ಮತ್ತ ಇಡು ಅಂತಾರ."

"ಇಡು."

"ಎಲ್ಲಾರೂ ಹೋದ ಮ್ಯಾಲ ಅದರ ಮುಂದ ಒಬ್ಬನ ನಿಂತೆ. ಏನೂ ಅನಸಲಿಲ್ಲರೀ. ನಾ ಕಲಾವಿದ ಹೌದೋ ಅಲ್ಲೋ, ತಿಳೀವಲ್ದು." ಇದನ್ನು ಹೇಳಿಕೊಳ್ಳಲು ಪಟ್ಟಣದಲ್ಲಿ ಅವನಿಗೆ ಒಬ್ಬರೂ ಇರಲಿಲ್ಲ.

ಗುರುಗಳು ಅವನನ್ನು ಹಿತ್ತಲಿಗೆ ಕರೆದೊಯ್ದರು. ಗೋಡೆಗೆ ಒರಗಿಸಿದ ಏಳು ಕಲ್ಲಿನ ಮುಖಗಳಿದ್ದವು. ಏಳೂ ಸುಂದರ. ಏಳೂ ದೇವಿಯ ಮುಖವೇ.

"ನೀಲಮ್ಮನ್ನ ಮಾಡಾಕ ಕುಂತಿದ್ದೆ" ಎಂದರು ಗುರುಗಳು. "ಐವತ್ತು ವರ್ಷ ದೇವರನ್ನ ಕೆತ್ತಿದ ಕೈ. ಪ್ರತಿ ಸಲ ದೇವೀನ ಬಂದ್ಲು. ಈಕಿ ಬರಲಿಲ್ಲ. ಕಡೀಕೆ ಆಕೀ ಪೀಠ ಖಾಲಿ ಬಿಟ್ಟು ಉಳಿ ಕೆಳಗಿಟ್ಟೆ."

ಇಬ್ಬರೂ ಚಪ್ಪರಕ್ಕೆ ಮರಳಿದರು. ತಾನು ಚೀಲ ಇಟ್ಟಿದ್ದ ಜಾಗ ನೋಡಿ ಮೌನೇಶನಿಗೆ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ನೋಡೋರ ಕಣ್ಣಿಗೆ ಎರಡೂ ಒಂದ ಅಲ್ಲೇನ್ರೀ? ಇದರಾಗ ಏನೈತಿ, ನಂದರಾಗ ಇಲ್ಲದ್ದು?"

ಗುರುಗಳು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದರು.

"ನಿನ್ನ ಪೀಠದ ಮ್ಯಾಲ ಏನೂ ಇಲ್ಲ. ಇದರ ಮ್ಯಾಲ ಆಕಿ ಇಲ್ಲ."